ಸಸ್ಯವಿಜ್ಞಾನ ತೋಟಕ್ಕೆ ಇಳಿಯಲಿ

ಅಡಿಕೆಗೆ ಎಲೆಚುಕ್ಕಿ ರೋಗ ಜೋರಾದ ಮೇಲೆ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಸಭೆಗಳಿಗೇನೂ ಬರ ಇಲ್ಲ. ಸೊಸೈಟಿಯ ಮಹಡಿ ಮೇಲೆ, ಸಮುದಾಯ ಭವನದಲ್ಲಿ, ಶಾಲೆಯ ಜಗಲಿಯಲ್ಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ತಜ್ಞರು ಬರುತ್ತಾರೆ, ಪರದೆ ಮೇಲೆ ಚಿತ್ರ ತೋರಿಸುತ್ತಾರೆ, ಶಿಲೀಂಧ್ರದ ಹೆಸರು ಹೇಳುತ್ತಾರೆ, ಯಾವ ಔಷಧಿಯನ್ನು ಎಷ್ಟು ನೀರಿಗೆ ಎಷ್ಟು ಬೆರೆಸಬೇಕು ಅಂತ ಬರೆಸುತ್ತಾರೆ. ಊಟ ಆಗುತ್ತದೆ. ಜನ ಮನೆಗೆ ಹೋಗುತ್ತಾರೆ. ಇಂಥ ಸಭೆಗಳಲ್ಲಿ ನಾನೂ ಸಾಕಷ್ಟು ಕೂತಿದ್ದೇನೆ. ನಾನು ಓದಿದ್ದು ಸಸ್ಯಶಾಸ್ತ್ರ, ಕಾಲೇಜಿನಲ್ಲಿ ಕಲಿಸುವುದೂ ಅದನ್ನೇ, ಮನೆಯಲ್ಲಿರುವುದು ಅಡಿಕೆ ತೋಟ.

ಒಂದು ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. "ಸೋಗೆ ಕಡ್ದು ಸುಡಿ ಅಂತೀರಿ. ಸೋಗೆ ಕಡ್ದ್ರೆ ಕೊನೆ ಎಲ್ಲಿಂದ ಬರ್ತದೆ ಸ್ವಾಮಿ?" ಅಂದರು. ಸೋಗೆ ಅಂದರೆ ಅಡಿಕೆಯ ಗರಿ, ಕೊನೆ ಅಂದರೆ ಕಾಯಿಯ ಗೊಂಚಲು. ಕೆಲವರು ನಕ್ಕರು. ವೇದಿಕೆಯಿಂದ ಬಂದ ಉತ್ತರ ಮತ್ತೆ ಅದೇ ಔಷಧಿಯ ಪ್ರಮಾಣ. ಅವರು ಸುಮ್ನೆ ಕೂತುಬಿಟ್ಟರು.

ಆ ದಿನ ಅಲ್ಲಿ ಆಡಿದ ಮಾತುಗಳಲ್ಲೆಲ್ಲ ಅಪ್ಪಟ ಸಸ್ಯವಿಜ್ಞಾನದ ಮಾತು ಅದೇ. ಅಡಿಕೆ ಮರಕ್ಕೆ ಇರುವುದು ಒಂದೇ ಸುಳಿ. ಮಾವು ಹಲಸಿನಂತೆ ಅದು ಕೊಂಬೆ ಒಡೆಯುವುದಿಲ್ಲ, ಸುಳಿ ಹೋದರೆ ಮರ ಹೋದ ಹಾಗೆ. ಫಸಲಿಗೆ ಬಂದ ಮರದ ತಲೆಯಲ್ಲಿ ಸುಮಾರು 7ರಿಂದ 12 ಸೋಗೆ ಇರುತ್ತವೆ. ಒಂದೊಂದು ಸೋಗೆಯ ಬುಡದಲ್ಲಿ ಒಂದೊಂದು ಕೊನೆಗೆ ಅವಕಾಶ. ಸೋಗೆಯ ಬುಡದ ಹಾಳೆ ಕಳಚಿ ಬಿದ್ದ ಮೇಲೆ ಅಲ್ಲಿ ಹಿಂಗಾರ, ಅಂದರೆ ಹೂಗೊಂಚಲು, ಬಿಚ್ಚುವುದನ್ನು ನಮ್ಮ ಕಡೆಯ ಮಕ್ಕಳೂ ನೋಡಿರುತ್ತಾರೆ. ಮೇಲೆ ಉಳಿದ ಸೋಗೆಗಳು ಬಿಸಿಲಲ್ಲಿ ಊಟ ತಯಾರಿಸಿ ಕೊಟ್ಟರೆ ಕಾಯಿ ತುಂಬುತ್ತದೆ, ಇಲ್ಲದಿದ್ದರೆ ಇಲ್ಲ. ಅಂದರೆ ಆ ಹಿರಿಯರ ಹೆದರಿಕೆಯಲ್ಲಿ ತಪ್ಪೇ ಇರಲಿಲ್ಲ. ಆದರೆ ಅದಕ್ಕೆ ಉತ್ತರವೂ ಇತ್ತು. ರೋಗ ಹೆಚ್ಚಾಗಿ ಕೆಳಗಿನ ಹಳೆಯ ಸೋಗೆಯಿಂದ ಮೇಲೆ ಹೋಗುತ್ತದೆ. ಚುಕ್ಕಿಗಳೆಲ್ಲ ಕೂಡಿಕೊಂಡು ಒಣಗಿದ ಸೋಗೆ ಮರಕ್ಕೆ ಏನನ್ನೂ ಕೊಡುವುದಿಲ್ಲ, ಅದರ ಮೇಲೆ ಶಿಲೀಂಧ್ರದ ಬೀಜಕಣ ಮಾತ್ರ ಬೆಳೆಯುತ್ತಿರುತ್ತದೆ, ಮಳೆಹನಿ ಸಿಡಿದಾಗ, ಗಾಳಿ ಬೀಸಿದಾಗ ಅಲ್ಲಿಂದ ಪಕ್ಕದ ಮರಕ್ಕೆ, ಪಕ್ಕದ ಮನೆಯವರ ತೋಟಕ್ಕೆ ಹೋಗುತ್ತದೆ. ಅಂಥದನ್ನು ತೆಗೆಯಬೇಕು. ಹಸಿರು ಜಾಸ್ತಿ ಉಳಿದಿರುವ ಸೋಗೆಯನ್ನು ಉಳಿಸಿಕೊಂಡು ಔಷಧಿ ಹೊಡೆಸಬೇಕು. ಇದನ್ನು ತೋಟದಲ್ಲಿ ನಿಂತು, ಮರ ತೋರಿಸಿ ಹೇಳಿದರೆ ಸ್ವಲ್ಪ ಹೊತ್ತಿನ ಕೆಲಸ. ಸಭಾಂಗಣದಲ್ಲಿ ಅದು ಇಡೀ ದಿನಕ್ಕೂ ಮುಗಿಯಲಿಲ್ಲ.

ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ವಿಚಾರ. ಸಸ್ಯವಿಜ್ಞಾನಿಗಳ ಸಂಘಗಳು ಜನರ ಹತ್ತಿರ ಹೋಗುವುದು ಅಂದರೆ ಏನು? ನಮ್ಮಲ್ಲಿ ಅದಕ್ಕೆ ಸಿದ್ಧ ಉತ್ತರ ಇದೆ: ಒಂದು ಉಪನ್ಯಾಸ, ಒಂದು ಭಿತ್ತಿಪತ್ರ, ಕೊನೆಗೆ ಸಸಿ ಹಂಚಿಕೆ. ವನಮಹೋತ್ಸವವನ್ನು ಆಗಿನ ಕೇಂದ್ರ ಕೃಷಿ ಮಂತ್ರಿ ಕೆ. ಎಂ. ಮುನ್ಷಿಯವರು 1950ರಲ್ಲಿ ದೇಶದ ಹಬ್ಬವಾಗಿ ಶುರುಮಾಡಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ದೊಡ್ಡದೇ. ಆದರೆ ಮಲೆನಾಡಿನ ಶಾಲೆಯೊಂದರಲ್ಲಿ, ಕಾಂಪೌಂಡಿನ ಆಚೆ ನೂರಾರು ಜಾತಿಯ ಮರ ಇರುವಾಗ, ನರ್ಸರಿಯಿಂದ ತಂದ ಅಕೇಶಿಯಾ ಸಸಿ ನೆಟ್ಟು, ಫೋಟೋ ತೆಗೆಸಿ, ಆ ಕಾಡಿನ ಕಡೆ ಯಾರೂ ತಿರುಗಿಯೂ ನೋಡದೆ ಮಕ್ಕಳನ್ನು ಮನೆಗೆ ಕಳಿಸುವುದು ನನಗೆ ತುಂಬಾ ಬೇಸರ ತರಿಸುತ್ತದೆ.

ಬೇರೆ ದೇಶದ ಸಂಘಗಳು ಏನು ಮಾಡುತ್ತಿವೆ ಅಂತ ಹುಡುಕಿ ಓದಿದೆ. ಅಮೆರಿಕದ ಸಸ್ಯ ಜೀವಶಾಸ್ತ್ರಜ್ಞರ ಸಂಘ 1924ರಷ್ಟು ಹಳೆಯದು. ಶಾಲೆ ಮಕ್ಕಳು ಗಿಡದ ಬಗ್ಗೆ ತಿಳಿದಿರಲೇಬೇಕು ಅನ್ನುವ ವಿಷಯಗಳನ್ನು ಅವರು 12 ಸಣ್ಣ ಮಾತುಗಳಲ್ಲಿ ಬರೆದಿಟ್ಟಿದ್ದಾರೆ. ಯುರೋಪಿನ ಸಸ್ಯವಿಜ್ಞಾನ ಸಂಸ್ಥೆ 2012ರಲ್ಲಿ ಮೇ 18ನ್ನು ಗಿಡಗಳ ಬೆರಗಿನ ದಿನ ಅಂತ ಶುರು ಮಾಡಿತು, ಆವತ್ತು ಪ್ರಯೋಗಾಲಯದ ಬಾಗಿಲು ಊರವರಿಗೆಲ್ಲ ತೆರೆದಿರುತ್ತದೆ. ಒಳ್ಳೆಯದೇ. ಅವರಿಗೆ ಅದು ವಸಂತ. ನಮಗೆ ಮೇ 18 ಅಂದರೆ ಶಾಲೆಗೆ ರಜೆ, ಮದುವೆ ಸೀಸನ್ನು, ಮಳೆಗಾಲದ ಕಟ್ಟಿಗೆ ಒಳಗೆ ಹಾಕುವ ಗಡಿಬಿಡಿ. ಆ ತಾರೀಖನ್ನು ಇಲ್ಲಿಗೆ ತಂದು ಆಚರಿಸಿದರೆ ಖಾಲಿ ಕುರ್ಚಿಗಳ ಮುಂದೆ ಭಾಷಣ ಮಾಡಬೇಕಾಗುತ್ತದೆ.

ನನಗೆ ನಿಜಕ್ಕೂ ಹಿಡಿಸಿದ್ದು ಇನ್ನೊಂದು. 1893ರಲ್ಲಿ ಹುಟ್ಟಿದ ಅಮೆರಿಕದ ಸಸ್ಯಶಾಸ್ತ್ರ ಸಂಘ 2005ರಿಂದ ನಡೆಸುತ್ತಿರುವ ಪ್ಲಾಂಟಿಂಗ್ ಸೈನ್ಸ್ ಅನ್ನುವ ಕಾರ್ಯಕ್ರಮ. ಶಾಲೆಯ ಮಕ್ಕಳ ಸಣ್ಣ ಸಣ್ಣ ಗುಂಪಿಗೆ ಒಬ್ಬೊಬ್ಬ ವಿಜ್ಞಾನಿ ಜೊತೆಯಾಗುತ್ತಾರೆ. ಬೀಜ ಮೊಳೆಸುವುದು, ಬೆಳಕು ಕಡಿಮೆ ಮಾಡಿ ನೋಡುವುದು, ಇಂಥ ಪ್ರಯೋಗವನ್ನು ಮಕ್ಕಳೇ ಯೋಚಿಸಿ ಮಾಡುತ್ತಾರೆ, ಆ ವಿಜ್ಞಾನಿ ವಾರಗಟ್ಟಲೆ ಅವರ ಜೊತೆ ಇಂಟರ್‌ನೆಟ್ಟಿನಲ್ಲಿ ಬರೆದುಕೊಂಡು ಇರುತ್ತಾರೆ. ನೀನು ಹೀಗೆ ಯಾಕೆ ಅಂದುಕೊಂಡೆ, ಇನ್ನೊಂದು ಕುಂಡದಲ್ಲಿ ಏನಾಯಿತು, ಅಂತ ಕೇಳುತ್ತಾ. ಬಂದು, ಭಾಷಣ ಮಾಡಿ ಹೋಗುವವರಲ್ಲ, ಮತ್ತೆ ಮತ್ತೆ ಬರುವವರು. ನಾನು ಹೇಳಬೇಕು ಅಂದುಕೊಂಡಿದ್ದು ಇಷ್ಟೇ ನೋಡಿ: ಜನರ ಪ್ರಶ್ನೆಯಿಂದ ಶುರುಮಾಡಿ, ಆ ಪ್ರಶ್ನೆ ಮುಗಿಯುವವರೆಗೂ ಬರುತ್ತಾ ಇರುವುದು. ಉಳಿದದ್ದೆಲ್ಲ ಖರ್ಚಿನ ಬಾಬತ್ತು.

ಹಾಗಂತ ಇದು ಪರದೇಶದಿಂದ ಕಲಿಯಬೇಕಾದ ಹೊಸ ವಿದ್ಯೆ ಏನೂ ಅಲ್ಲ. ಮಲೆನಾಡಿನಲ್ಲಿ ನೂರು ವರ್ಷಕ್ಕೂ ಹಿಂದೆ ಇದು ನಡೆದಿದೆ. ಲೆಸ್ಲಿ ಕೋಲ್ಮನ್ ಅಂತ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಆಗ ಅಡಿಕೆಯ ಕೊಳೆರೋಗಕ್ಕೆ ನಮ್ಮವರಿಗೆ ಇದ್ದ ದಾರಿ ಕೊಟ್ಟೆ ಕಟ್ಟುವುದು. ಮಳೆಗಾಲ ಹಿಡಿಯುವ ಮೊದಲು ಪ್ರತಿ ಮರ ಹತ್ತಿ, ಪ್ರತಿ ಕೊನೆಗೂ ಹೊದಿಕೆ ಕಟ್ಟಿ ಬರಬೇಕು. ಎಷ್ಟು ಆಳು, ಎಷ್ಟು ದಿನ, ಯೋಚನೆ ಮಾಡಿ. ಕೋಲ್ಮನ್ ಆ ರೋಗದ ಹಿಂದೆ ಬಿದ್ದರು. ಕಾಯಿ ಕೊಳೆಸುವ ಜೀವಿ ಯಾವುದು, ಮಳೆಯಲ್ಲಿ ಅದು ಹೇಗೆ ಹರಡುತ್ತದೆ ಅಂತ ಕಂಡುಹಿಡಿದು 1910ರಲ್ಲಿ ವರದಿ ಬರೆದರು, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದರೆ ತಡೆಯಬಹುದು ಅಂತ ತೋರಿಸಿಕೊಟ್ಟರು. ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು, 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಎರಡರ ಹಿಂದೆಯೂ ಅವರಿದ್ದಾರೆ. ಇವತ್ತಿಗೂ ಜೂನ್ ಬಂತು ಅಂದರೆ ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು ಮರ ಹತ್ತುವ ಕೊನೆಗೌಡನ ದಾರಿ ಕಾಯುವುದು ನಮ್ಮ ಮನೆಮನೆಯ ಕಥೆ. ಒಂದು ವೈಜ್ಞಾನಿಕ ವರದಿ ಹೀಗೆ ತಲೆಮಾರುಗಟ್ಟಲೆ ಮನೆಯ ರೂಢಿಯಾಗಿ ಉಳಿಯುವುದು ಸಣ್ಣ ಮಾತಲ್ಲ.

ಬೋರ್ಡೋ ದ್ರಾವಣದ ಹುಟ್ಟಿನ ಕಥೆ ಮಕ್ಕಳಿಗೆ ತುಂಬಾ ಇಷ್ಟ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಾರೆ ಅಂತ ರೈತರು ಅದಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ನೋಡಿದರೆ ವಿಷದ ಹಾಗೆ ಕಾಣಬೇಕು, ಅಷ್ಟೇ. 1882ರಲ್ಲಿ ಮಿಲಾರ್ಡೆ ಅನ್ನುವ ಪ್ರೊಫೆಸರು ಆ ದಾರಿಯಲ್ಲಿ ಬಂದಾಗ, ಒಳಗಿನ ಬಳ್ಳಿಗಳೆಲ್ಲ ಬೂಜು ರೋಗಕ್ಕೆ ಎಲೆ ಉದುರಿಸಿಕೊಂಡಿದ್ದರೂ ದಾರಿಬದಿಯವು ಮಾತ್ರ ಹಸಿರಾಗಿರುವುದನ್ನು ಕಂಡರು. ರೈತ ಮಾಡಿದ್ದು, ವಿಜ್ಞಾನಿ ನಿಂತು ನೋಡಿದ್ದು. 1885ರಲ್ಲಿ ಅವರು ಅದನ್ನು ಪ್ರಕಟಿಸಿದರು.

ನಾವು ಕೆಲವರು, ಸಸ್ಯಶಾಸ್ತ್ರ ಕಲಿಸುವವರು, ಹೈಸ್ಕೂಲುಗಳಿಗೆ ಹೋಗಲು ಶುರು ಮಾಡಿದಾಗ ಮೊದಲು ಮಾಡಿಸಿದ್ದೇ ಇದನ್ನು. ಪರ್ಸೆಂಟ್ ಲೆಕ್ಕ ದೊಡ್ಡದೇನಲ್ಲ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಶಾಲೆಯಲ್ಲಿ ಬಕೆಟ್ ಲೆಕ್ಕಕ್ಕೆ ಇಳಿಸಿಕೊಂಡೆವು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಸುಣ್ಣದ ನೀರನ್ನು ಸೋಸಿ, ಮೈಲುತುತ್ತದ ನೀರನ್ನು ಅದಕ್ಕೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ತಿರುವಬೇಕು. ತಿಳಿ ನೀಲಿ ಬಣ್ಣದ ಗಸಿ ಏಳುತ್ತದೆ. ಆಮೇಲೆ ಒಬ್ಬ ಹುಡುಗ ಮನೆಯಿಂದ ತಂದಿದ್ದ ಕತ್ತಿಯನ್ನು ಚೆನ್ನಾಗಿ ಉಜ್ಜಿ ಹೊಳಪು ಮಾಡಿ ಅದರಲ್ಲಿ ಅದ್ದಿ ಹಿಡಿದ. ತೆಗೆದು ನೋಡಿದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದೆ! ಎಲ್ಲರೂ ಮುಂದೆ ನುಗ್ಗಿದರು. ಹಾಗೆ ಕೆಂಪಾದರೆ ಹುಳಿ ಇನ್ನೂ ಉಳಿದಿದೆ, ಅದನ್ನೇ ಹೊಡೆದರೆ ಎಲೆ, ಕಾಯಿ ಸುಡುತ್ತದೆ ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಹೊಯ್ದು, ಕತ್ತಿ ಉಜ್ಜಿ, ಮತ್ತೆ ಅದ್ದಿದಾಗ ಅಲಗು ಹಾಗೇ ಇತ್ತು. ಕಬ್ಬಿಣಕ್ಕೆ ತಾಮ್ರ ಯಾಕೆ ಅಂಟಿತು ಅನ್ನುವುದು ಅವರ ರಸಾಯನಶಾಸ್ತ್ರದ ಪಾಠದಲ್ಲೇ ಇದೆ, ಉರು ಹೊಡೆದಿದ್ದರು ಕೂಡ. "ನಮ್ಮಪ್ಪಯ್ಯ ಕತ್ತಿ ಅದ್ದಿ ನೋಡೋದು ಇದಕ್ಕಾ ಸಾರ್?" ಅಂತ ಆ ಹುಡುಗ ಕೇಳಿದ. ಹೌದು ಮಾರಾಯ, ಅದಕ್ಕೇ.

ಇನ್ನೊಂದು ಮಾತನ್ನು ಅದೇ ದಿನ ಹೇಳಿದೆವು. ಬೋರ್ಡೋ ರೋಗ ವಾಸಿ ಮಾಡುವ ಔಷಧಿ ಅಲ್ಲ, ಬರುವುದನ್ನು ತಡೆಯುವುದು. ಕಾಯಿಯ ಮೇಲೆ ತೆಳ್ಳಗೆ ಅಂಟಿಕೊಂಡಿರುವ ತಾಮ್ರ ಬೀಜಕಣವನ್ನು ಮೊಳೆಯಲು ಬಿಡುವುದಿಲ್ಲ. ಒಳಗೆ ಇಳಿದಾಯಿತು ಅಂದ ಮೇಲೆ ಮೇಲಿಂದ ಹೊಡೆದು ಏನು ಪ್ರಯೋಜನ? ಮಳೆ ಬಿಡಲಿ ಅಂತ ಕಾಯುತ್ತಾ ಕೂತು ಕಾಯಿ ಉದುರಿದ ಮೇಲೆ ಹೊಡೆಸುವ ಮನೆಗಳು ಈಗಲೂ ಇವೆ. ಈ ಮಾತು ಮಕ್ಕಳ ಬಾಯಲ್ಲಿ ಮನೆಗೆ ಹೋದರೆ ಸಾಕು ಅನ್ನುವುದು ನಮ್ಮ ಆಸೆ.

ಈಗ ಶಾಲೆಯ ಒಳಗಿನ ಇನ್ನೊಂದು ಸಂಗತಿ. ಕಾಡಿನ ಒಂದು ದೊಡ್ಡ ಫೋಟೋ ತೋರಿಸಿ ಏನು ಕಾಣುತ್ತದೆ ಅಂತ ಕೇಳಿದರೆ ಇಡೀ ಕ್ಲಾಸು ಒಟ್ಟಿಗೆ "ಕಾಟಿ!" ಅನ್ನುತ್ತದೆ. ಕಾಟಿ, ಅಂದರೆ ಕಾಡುಕೋಣ, ಇರುವುದು ಮೂಲೆಯಲ್ಲಿ, ಉಳಿದ ಫೋಟೋ ತುಂಬಾ ಇರುವುದು ಮರ. ಅಮೆರಿಕದ ಜೇಮ್ಸ್ ವಾಂಡರ್ಸೀ, ಎಲಿಸಬೆತ್ ಶುಸ್ಲರ್ ಎಂಬ ಇಬ್ಬರು 1999ರಲ್ಲಿ ಇದರ ಬಗ್ಗೆ ಬರೆದರು, ಕಣ್ಣೆದುರಿನ ಗಿಡ ಜನರ ಗಮನಕ್ಕೇ ಬರುವುದಿಲ್ಲ ಅಂತ. ಭೂಮಿಯ ಮೇಲಿನ ಜೀವರಾಶಿಯಲ್ಲಿರುವ ಇಂಗಾಲವನ್ನೆಲ್ಲ ಲೆಕ್ಕ ಹಾಕಿದ 2018ರ ಅಧ್ಯಯನವೊಂದರ ಪ್ರಕಾರ ಒಟ್ಟು ಸುಮಾರು 550 ಶತಕೋಟಿ ಟನ್ನಿನಲ್ಲಿ 450 ಗಿಡಮರಗಳದ್ದೇ, ಮನುಷ್ಯರೆಲ್ಲ ಸೇರಿ 0.06. ಅಷ್ಟು ದೊಡ್ಡದು ಕಾಣದೆ ಹೋಗುತ್ತದೆ.

ಆದರೆ ನಮ್ಮ ಮಕ್ಕಳ ವಿಷಯದಲ್ಲಿ ಅದು ಪೂರ್ತಿ ನಿಜ ಅಂತ ನನಗೆ ಅನ್ನಿಸುವುದಿಲ್ಲ. ಅದೇ ಕ್ಲಾಸನ್ನು ಹೊರಗೆ ಕರೆದುಕೊಂಡು ಹೋಗಿ ನೋಡಿ. ಇದು ಮತ್ತಿ, ಇದು ನಂದಿ, ಇದು ಹೊನ್ನೆ, ಇದರ ಎಲೆ ಮುಟ್ಟಬೇಡಿ ಸಾರ್ ತುರಿಕೆ, ಇದು ನೆಕ್ಕರಿಕ, ಹಣ್ಣು ತಿಂದರೆ ನಾಲಿಗೆ ನೀಲಿ. ಮಳೆ ಹತ್ತಿರ ಬಂದಾಗ ಸೀತಾಳೆ ದಂಡೆ ಯಾವ ಮರದ ಮೇಲೆ ಹೂ ಬಿಡುತ್ತದೆ ಅನ್ನುವುದೂ ಗೊತ್ತು. ಯಾವ ಅಪ್ಪೆಮಿಡಿಗೆ ಜೀರಿಗೆ ಪರಿಮಳ, ಯಾವುದರ ಸೊನೆ ಜಾಸ್ತಿ ಅಂತ ಹೇಳುವ ಏಳನೇ ಕ್ಲಾಸಿನ ಹುಡುಗಿಯರಿದ್ದಾರೆ. ಗೊತ್ತಿಲ್ಲದ್ದು ಏನೆಂದರೆ ಇದು ವಿಜ್ಞಾನ ಅನ್ನುವುದು. ಅದನ್ನು ಅವರಿಗೆ ಯಾರೂ ಹೇಳಿಲ್ಲ, ಪರೀಕ್ಷೆಯಲ್ಲಿ ಕೇಳುವುದೂ ಇಲ್ಲ. ಪುಸ್ತಕದಲ್ಲಿರುವುದು ಅವರೆ ಬೀಜ, ಬಟಾಣಿ. ಕೊರತೆ ಇರುವುದು ನಮ್ಮ ಕಡೆ, ಅಂದರೆ ಕಲಿಸುವವರ ಕಡೆ.

ಹಾಗಾಗಿ ಸಲಕರಣೆ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಅವರ ತಂಡ ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ ಮಾಡಿದ್ದಾರಲ್ಲ, ಫೋಲ್ಡ್‌ಸ್ಕೋಪ್, ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಜೇಬಿನಲ್ಲಿ ಹಿಡಿಯುತ್ತದೆ. ಅದನ್ನು ಇಟ್ಟುಕೊಂಡು ಎಲೆಯ ಉಸಿರುರಂಧ್ರ ತೋರಿಸುತ್ತೇವೆ. ದಾಸವಾಳದ ಎಲೆಯ ಅಡಿಭಾಗಕ್ಕೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ಸೆಲ್ಲೋ ಟೇಪ್ ಒತ್ತಿ ಎಳೆದರೆ ಎಲೆಯ ಅಚ್ಚು ಟೇಪಿಗೆ ಬರುತ್ತದೆ. ಅದನ್ನು ಗಾಜಿಗೆ ಅಂಟಿಸಿ ನೋಡಿದರೆ ಪುಟ್ಟ ಪುಟ್ಟ ತುಟಿಗಳ ಹಾಗೆ ಎರಡೆರಡು ಕೋಶ, ನಡುವೆ ಸೀಳು. ಒಳಗೆ ಗಾಳಿ ಹೋಗುವುದು, ಹೊರಗೆ ನೀರಿನ ಆವಿ ಬರುವುದು ಆ ಸೀಳಿನಲ್ಲಿ. ಹೀಗೆ ನೋಡಿದ ಒಬ್ಬಳು ಹುಡುಗಿ, ಹಾಗಾದರೆ ಔಷಧಿಯನ್ನು ಎಲೆಯ ಕೆಳಗಡೆಯೂ ಹೊಡೆಯಬೇಕಲ್ವಾ ಅಂತ ಕೇಳಿದಳು. ಎಷ್ಟೋ ರೋಗಗಳಲ್ಲಿ ಅದು ಸರಿಯಾದ ಮಾತು.

ದೊಡ್ಡವರಿಗೂ ಹೀಗೇ. ಅಡಿಕೆ ಮರದ ಕಾಂಡದ ನೈರುತ್ಯ ಮುಖಕ್ಕೆ ಬಿಸಿಲು ಹೊಡೆದು ಸೀಳುತ್ತದೆ ಅಂತ ನಮ್ಮ ಹಿರಿಯರು ಅಲ್ಲಿಗೆ ಸೋಗೆ ಕಟ್ಟುತ್ತಿದ್ದರು. ಯಾಕೆ ಅಷ್ಟು ಕಾಳಜಿ? ಮಾವಿನ ತೊಗಟೆಗೆ ಗಾಯ ಆದರೆ ಅಂಚಿನಿಂದ ಹೊಸ ಪದರ ಬೆಳೆದು ಮುಚ್ಚಿಕೊಳ್ಳುತ್ತದೆ. ಅಡಿಕೆ, ತೆಂಗು, ಬಗನೆಯ ಕಾಂಡದಲ್ಲಿ ಹಾಗೆ ಬೆಳೆಯುವ ಪದರವೇ ಇಲ್ಲ. ಒಮ್ಮೆ ಆದ ಗಾಯ ಮರ ಇರುವವರೆಗೂ ಹಾಗೇ. ಇದನ್ನು ತಿಳಿದ ಮೇಲೆ ಮರಕ್ಕೆ ಮೊಳೆ ಹೊಡೆದು ತಂತಿ ಕಟ್ಟುವುದನ್ನು ಬಿಟ್ಟವರನ್ನು ನಾನು ಬಲ್ಲೆ.

ಕತ್ತಲೆಕಾನಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಬೇರೆಯದೇ ಅನುಭವ. ತಾಳಗುಪ್ಪದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಸಿಗುತ್ತದೆ, ಸಿದ್ದಾಪುರ ತಾಲೂಕು. ಜೋಗ ನೋಡಲು ಹೋಗುವ ಕಾರುಗಳು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹೋಗುತ್ತಿರುತ್ತವೆ. ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಒಳಗೆ ಹೆಜ್ಜೆ ಇಟ್ಟರೆ ಕಾಡು ಜಾಯಿಕಾಯಿ ಮರಗಳ ಜೌಗು. ನೀರು ಸದಾ ನಿಂತಿರುವ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಅದಕ್ಕೆ ಕೆಲವು ಮರಗಳ ಬೇರು ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಒಳಗೆ ಇಳಿಯುತ್ತದೆ. ಅಲ್ಲಿ ಒಂದು ಗೇರು ಕುಟುಂಬದ ಮರ ಇದೆ, ವಿಜ್ಞಾನದ ಹೆಸರಿನಲ್ಲೇ ಕತ್ತಲೆಕಾನು ಇದೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅದನ್ನು ಹೊಸ ಜಾತಿ ಅಂತ ಗುರುತಿಸಿ ಬರೆದದ್ದು 2000ದಲ್ಲಿ. ಹೆದ್ದಾರಿ ಬದಿಯ ಒಂದು ದೊಡ್ಡ ಮರ, ಅಲ್ಲಿಯವರೆಗೂ ವಿಜ್ಞಾನದ ಲೆಕ್ಕಕ್ಕೇ ಸಿಕ್ಕಿರಲಿಲ್ಲ! ಇದನ್ನು ಹೇಳಿದಾಗ ಮಕ್ಕಳು ಅಕ್ಕಪಕ್ಕದ ಪ್ರತಿ ಮರವನ್ನೂ ಅನುಮಾನದಿಂದ ನೋಡಲು ಶುರು ಮಾಡುತ್ತಾರೆ, ಇದೂ ಹೊಸದಿರಬಹುದಾ ಸಾರ್ ಅಂತ. ಇರಬಹುದು, ಯಾರಿಗೆ ಗೊತ್ತು.

ಇಷ್ಟೆಲ್ಲ ಆದ ಮೇಲೆ ನಮಗೆ ಹೊಳೆದಿದ್ದು ಭೂಮಿ ಹುಣ್ಣಿಮೆ. ಸೀಗೆ ಹುಣ್ಣಿಮೆ ಅಂತಲೂ ಕರೆಯುತ್ತಾರೆ. ಗದ್ದೆಯಲ್ಲಿ ಪೈರು ಹೊಡೆ ತುಂಬಿ ನಿಂತಿರುತ್ತದೆ, ಬಸುರಿ ಭೂಮಿತಾಯಿಗೆ ಬಯಕೆ ಬಡಿಸುವ ಹಬ್ಬ ಅದು. ಹಿಂದಿನ ದಿನ ಹೆಂಗಸರು ಬೇಲಿ, ಗುಡ್ಡ, ತೋಟದ ಅಂಚು ಎಲ್ಲ ಸುತ್ತಿ ಬೆರಕೆ ಸೊಪ್ಪು ತರುತ್ತಾರೆ, ನೂರೊಂದು ಕುಡಿ ಅಂತ ಮಾತು. ರಾತ್ರಿಯಿಡೀ ಅಡುಗೆ. ಬೆಳಗಿನ ಜಾವ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗಿ ಬೀರುತ್ತಾರೆ. ಜನರ ಹಬ್ಬ, ಜನರ ಗಿಡ, ಪೈರಿಗೆ ಬೆಂಕಿ ರೋಗ ಬಂದಿದೆಯಾ ಅಂತ ಗದ್ದೆ ನೋಡಲೇಬೇಕಾದ ಕಾಲವೂ ಅದೇ. ಇನ್ನು ಮೇ 18 ಯಾಕೆ ಬೇಕು?

ಮೊದಲ ಸಲ ಒಂದು ಊರಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆವು. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಒಬ್ಬ ಅಜ್ಜಿಯ ಹಿಂದೆ ಹೋಗುವುದು, ಅವರು ಕಿತ್ತ ಪ್ರತಿ ಕುಡಿಯದೂ ಒಂದು ಕೊಂಬೆ ತೆಗೆದುಕೊಂಡು ಕಾಗದದ ನಡುವೆ ಇಡುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು. ಒಂದೆಲಗ, ಕುಸುಮಾಲೆ, ನೇರಳೆ, ಪೇರಲೆ, ಕೆಸು, ಕಾಕಿ ಸೊಪ್ಪು, ಅಮೃತಬಳ್ಳಿ. ಒಂದು ಬಳ್ಳಿಯ ಮುಂದೆ ನಾನು ಕೈ ಚಾಚಿದಾಗ "ಅದಲ್ಲ ಮೇಷ್ಟ್ರೇ, ಇದರ ದಂಟು ಕೆಂಪಿರ್ಬೇಕು, ಅದು ಕಹಿ" ಅಂತ ಅಜ್ಜಿ ತಡೆದರು. ಎರಡರ ದಂಟನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು. ವಿದ್ಯಾರ್ಥಿಗಳು ಎರಡನ್ನೂ ತೆಗೆದುಕೊಂಡರು. ಅಂಥ ಸೂಕ್ಷ್ಮ ವ್ಯತ್ಯಾಸ ಹಿಡಿಯುವುದನ್ನೇ ನಾವು ಡಿಗ್ರಿಯಲ್ಲಿ ಮೂರು ವರ್ಷ ಕಲಿಸುವುದು.

ಆ ಹವೆಯಲ್ಲಿ ಕಾಗದದ ನಡುವಿನ ಗಿಡಕ್ಕೆ ಬೂಸಲು ಬರುವುದು ದೊಡ್ಡ ಕಾಟ. ಅದಕ್ಕೂ ಆ ಮನೆಯವರೇ ದಾರಿ ತೋರಿಸಿದರು, ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ ಇಡಿ ಅಂತ. ಚೆನ್ನಾಗಿ ಒಣಗಿ ಬಂದವು. ಒಣಗಿದ ಗಿಡ ಅಂಟಿಸಿದ ಹಾಳೆಯ ಕೆಳಗಿನ ಚೀಟಿಯಲ್ಲಿ ಸಾಮಾನ್ಯವಾಗಿ ಗಿಡದ ಹೆಸರು, ಊರು, ತಾರೀಖು, ಸಂಗ್ರಹಿಸಿದವರ ಹೆಸರು ಬರೆಯುತ್ತೇವೆ. ನಾವು ಇನ್ನೊಂದು ಸಾಲು ಸೇರಿಸಿದೆವು, ಗುರುತು ಹೇಳಿದವರು ಅಂತ. ಮುಂದಿನ ಸಲ ಆ ಹಾಳೆಗಳನ್ನು ಊರಿಗೇ ಒಯ್ದು ತೋರಿಸಿದಾಗ ಜನ ಹೆಸರು ಹುಡುಕಿ ಓದಿದರು. ಆಮೇಲೆ ಪ್ರಶ್ನೆಗಳು ಬಂದವು ನೋಡಿ. ಮೆಣಸಿನ ಬಳ್ಳಿ ಒಮ್ಮೆಲೇ ಸೊರಗುವುದು ಯಾಕೆ, ಈ ವರ್ಷ ಹಲಸು ಯಾಕೆ ಕಾಯಿ ಬಿಟ್ಟಿಲ್ಲ, ಅಕೇಶಿಯಾ ಬುಡದಲ್ಲಿ ಹುಲ್ಲು ಯಾಕೆ ಬೆಳೆಯುವುದಿಲ್ಲ. ಕೆಲವಕ್ಕೆ ಅಲ್ಲೇ ಉತ್ತರ ಕೊಟ್ಟೆವು. ಉಳಿದವನ್ನು ಬರೆದುಕೊಂಡು ಬಂದೆವು, ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದಿದ ನಮ್ಮ ಹಳೇ ವಿದ್ಯಾರ್ಥಿಗಳನ್ನೂ ಕೇಳಿ, ತಿರುಗಿ ಹೋಗಿ ಹೇಳಿದೆವು.

ಹಲಸಿನ ಪ್ರಶ್ನೆಗೆ ಒಂದು ವರ್ಷದಲ್ಲಿ ಉತ್ತರ ಸಿಗುವುದಿಲ್ಲ. ಮರ ಯಾವಾಗ ಚಿಗುರಿತು, ಯಾವಾಗ ಹೂ, ಯಾವಾಗ ಕಾಯಿ ಅಂತ ವಾರ ವಾರ ಬರೆದಿಡಬೇಕು. ಸೀಸನ್‌ವಾಚ್ ಅನ್ನುವ ಯೋಜನೆಯಲ್ಲಿ ಕೇರಳದ ಶಾಲಾ ಮಕ್ಕಳು ಇದನ್ನು ವರ್ಷಗಳಿಂದ ಮಾಡುತ್ತಿದ್ದಾರೆ, ಹಲಸು, ಮಾವು, ಕಕ್ಕೆ ಎಲ್ಲ ಅವರ ಪಟ್ಟಿಯಲ್ಲಿವೆ. ನಮ್ಮ ಎರಡು ಶಾಲೆಗಳಲ್ಲಿ ಈಗ ಶುರುವಾಗಿದೆ. ಮಕ್ಕಳು ಮರಕ್ಕೆ ತಮ್ಮದೇ ಹೆಸರು ಇಟ್ಟಿದ್ದಾರೆ, ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹೋಗಿ ನೋಡಿ ಬರೆಯುತ್ತಾರೆ.

ಈ ಸಲದ ಭೂಮಿ ಹುಣ್ಣಿಮೆಗೆ ಇನ್ನೂ ಕೆಲವು ಊರುಗಳಿಗೆ ಹೋಗಬೇಕು ಅಂತ ಇದೆ. ಸಾಗರ, ಸೊರಬ, ಹೊಸನಗರದ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಲ್ಲಿ ಬೆರಕೆ ಸೊಪ್ಪು ತರುವವರು ಯಾರು ಅಂತ ಕೇಳಿ ನಮಗೆ ತಿಳಿಸಿ. ಹಿಂದಿನ ದಿನ ಮಧ್ಯಾಹ್ನದ ಒಳಗೆ ಬರುತ್ತೇವೆ. ಹಳೇ ಪೇಪರ್, ಕಟ್ಟಲು ಹಗ್ಗ, ಫೋಲ್ಡ್‌ಸ್ಕೋಪ್ ನಾವೇ ತರುತ್ತೇವೆ. ಅಡಿಕೆ ತೋಟದಲ್ಲಿ ಎಲೆಚುಕ್ಕಿ ಇದ್ದರೆ ಅದನ್ನೂ ಹೇಳಿ, ದೋಟಿ ಹಿಡಿಯಲು ಬರುವ ಇಬ್ಬರನ್ನು ಜೊತೆಗೆ ಕರೆತರುತ್ತೇವೆ, ಯಾವ ಸೋಗೆ ತೆಗೆಯಬೇಕು, ಯಾವುದು ಬಿಡಬೇಕು ಅಂತ ಮರದ ಬುಡದಲ್ಲೇ ನಿಂತು ನೋಡೋಣ.